ಕುಂಟೆಯಿಂದ ಕಡಲಿಗೆ

(ಕೋಣನಕುಂಟೆಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ಸಿ.ಇ.ಟಿ., ವಿದ್ಯಾರ್ಥಿವೇತನ, ಸರ್ಕಾರಿ ನೌಕರಿಯ ಪರೀಕ್ಷೆ ಇಂಥ ಉಪಯುಕ್ತ ವಿಷಯಗಳ ಮೇಲೆ ಉಪನ್ಯಾಸ ಇರುತ್ತದೆ. ಈ ಸಲ ಕಾರ್ಯದರ್ಶಿಗಳು ನನ್ನ ವರ್ಕ್‌ಶಾಪಿಗೆ ಬಂದು, "ನೀವು ಮತ್ತು ನಿಮ್ಮ ಸೋದರಳಿಯ ಸಮುದ್ರದಲ್ಲಿ ದೋಣಿ ನಡೆಸಿದಿರಂತಲ್ಲ, ಅದರ ಬಗ್ಗೆ ಅರ್ಧ ಗಂಟೆ ಮಾತನಾಡಿ" ಎಂದರು. ನಾನು ಭಾಷಣಕಾರನಲ್ಲ. ಲೇತ್ ಮತ್ತು ಡ್ರಿಲ್ಲಿಂಗ್ ಮೆಷಿನ್ ಇಟ್ಟುಕೊಂಡು ಇಲ್ಲೇ ಇಪ್ಪತ್ತು ವರ್ಷಗಳಿಂದ ಬದುಕುತ್ತಿರುವವನು. ಅದಕ್ಕಿಂತ ಮುಖ್ಯವಾಗಿ, ನಾವು ತಯಾರಿ ಮಾಡಿದ ಸ್ಪರ್ಧೆಗೆ ನಾವು ಹೋಗಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ಪದಕ ತೋರಿಸುತ್ತೇನೆಂದು ಯಾರೂ ಕಾಯುವುದು ಬೇಡ. ಅದು ಹೊರದೇಶದಲ್ಲಿ 2024ರ ಏಪ್ರಿಲ್‌ನಲ್ಲಿ ನಡೆದ 40 ಕಿಲೋಮೀಟರಿನ ಸಮುದ್ರ ಕಯಾಕ್ ಸ್ಪರ್ಧೆ. ಹೋಗದ ಸ್ಪರ್ಧೆಯ ಹೆಸರು ಹೇಳಿಕೊಳ್ಳುವುದು ಸರಿಯಲ್ಲ, ಅದನ್ನು ಬಿಡೋಣ. ಹತ್ತು ತಿಂಗಳ ಸಿದ್ಧತೆಯಂತೂ ನಿಜ. ಅದನ್ನೇ ಹೇಳುತ್ತೇನೆ.

ಕಯಾಕ್ ಎಂದರೇನು ಎಂದು ಮುಂದಿನ ಸಾಲಿನ ಮಕ್ಕಳು ಕೇಳುತ್ತಿದ್ದಾರೆ. ಉದ್ದಕ್ಕೆ, ಕಿರಿದಾಗಿ, ಮೇಲ್ಭಾಗ ಮುಚ್ಚಿದ ದೋಣಿ. ನಡುವೆ ಒಬ್ಬರು ಅಥವಾ ಇಬ್ಬರು ಕಾಲು ಚಾಚಿ ಕೂರುವಷ್ಟು ಜಾಗ. ಕೈಯಲ್ಲಿ ಎರಡೂ ತುದಿಗೆ ಅಲಗು ಇರುವ ಒಂದೇ ಹುಟ್ಟು. ಗ್ರೀನ್‌ಲ್ಯಾಂಡ್, ಅಲಾಸ್ಕಾ ಕಡೆಯ ಹಿಮಪ್ರದೇಶದ ಬೇಟೆಗಾರರು ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡಿಕೊಂಡ ದೋಣಿ ಇದು. ನಮ್ಮ ಹರಿಗೋಲು ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ್ದು, ಅದೂ ಇದೇ ಬುದ್ಧಿಯೇ. ಅದು ಹೊಳೆ ದಾಟಲು, ಇದು ಕಡಲಲ್ಲಿ ಓಡಲು. ಈಗಿನ ಕಯಾಕ್‌ಗಳು ಫೈಬರ್ ಅಥವಾ ಪ್ಲಾಸ್ಟಿಕ್‌ನವು. ಸಮುದ್ರದ ಕಯಾಕ್ ಸುಮಾರು ಐದು ಮೀಟರ್ ಉದ್ದ ಇರುತ್ತದೆ, ಇಬ್ಬರದಾದರೆ ಇನ್ನೂ ಉದ್ದ. ಹಿಂಬದಿಯಲ್ಲಿ ಚಿಕ್ಕ ಚುಕ್ಕಾಣಿ ಇದ್ದು, ಅದರ ತಂತಿಗಳು ಕೂತವನ ಕಾಲ ಬಳಿಯ ಪೆಡಲ್‌ಗೆ ಬಂದಿರುತ್ತವೆ. ಈ ತಂತಿಯ ವಿಷಯ ಆಮೇಲೆ ಬರುತ್ತದೆ.

ಇಂಥ ದೋಣಿಯಲ್ಲಿ ಮನುಷ್ಯ ಎಷ್ಟು ದೂರ ಹೋಗಬಲ್ಲ? ಜರ್ಮನಿಯಲ್ಲಿ ಆಸ್ಕರ್ ಸ್ಪೆಕ್ ಎಂಬ ಎಲೆಕ್ಟ್ರಿಷಿಯನ್ ಇದ್ದ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಹೋಯಿತು. ಸೈಪ್ರಸ್ಸಿನ ತಾಮ್ರದ ಗಣಿಯಲ್ಲಿ ಕೆಲಸ ಸಿಗಬಹುದೆಂದು 1932ರಲ್ಲಿ ಮಡಚುವ ಕಯಾಕ್ ಒಂದನ್ನು ಡ್ಯಾನ್ಯೂಬ್ ನದಿಗೆ ಇಳಿಸಿದ. ಸೈಪ್ರಸ್ ತಲುಪಿದರೂ ನಿಲ್ಲಲಿಲ್ಲ. ಯೂಫ್ರೆಟಿಸ್ ನದಿ, ಪರ್ಷಿಯನ್ ಕೊಲ್ಲಿ, ಕರಾಚಿ, ಅಲ್ಲಿಂದ ಭಾರತದ ಪಶ್ಚಿಮ ಕರಾವಳಿಗುಂಟ ಇಳಿದು 1935ರಲ್ಲಿ ಸಿಲೋನ್ ಮುಟ್ಟಿದ. ಅಂದರೆ ನಮ್ಮ ಕಾರವಾರ, ಭಟ್ಕಳ, ಮಲ್ಪೆ, ಮಂಗಳೂರಿನ ಎದುರು ಆ ಪುಟ್ಟ ದೋಣಿ ಹಾದು ಹೋಗಿದೆ. ಏಳು ವರ್ಷಗಳ ನಂತರ, 1939ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ನೆಲ ಮುಟ್ಟಿದಾಗ ಯುದ್ಧ ಶುರುವಾಗಿತ್ತು. ಶತ್ರು ದೇಶದವನೆಂದು ಹಿಡಿದು ಯುದ್ಧ ಮುಗಿಯುವವರೆಗೂ ಸೆರೆಯಲ್ಲಿಟ್ಟರು! ಪಾಪ, ಐವತ್ತು ಸಾವಿರ ಕಿಲೋಮೀಟರ್ ಹುಟ್ಟು ಹಾಕಿದವನಿಗೆ ಸಿಕ್ಕ ಸನ್ಮಾನ ಅದು.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಮುಂಬೈಯ ಕೌಸ್ತುಭ್ ಖಾಡೆ ದೆಹಲಿಯ ಐ.ಐ.ಟಿ.ಯಲ್ಲಿ ಓದಿದವರು. 2015ರ ಕೊನೆಯಲ್ಲಿ ಗುಜರಾತಿನಿಂದ ಹೊರಟು 2016ರ ಆರಂಭದಲ್ಲಿ ಕನ್ಯಾಕುಮಾರಿ ತಲುಪಿದರು, ಸುಮಾರು 3,000 ಕಿಲೋಮೀಟರ್, ಕಯಾಕ್‌ನಲ್ಲಿ ಒಬ್ಬರೇ. ದಡದ ರಸ್ತೆಯಲ್ಲಿ ಸೈಕಲ್ ತುಳಿಯುತ್ತಾ ಅವರ ಜೊತೆಗೆ ಬಂದವರು ಶಾಂಜಲಿ ಶಾಹಿ. ಪತ್ರಿಕೆಗಳಲ್ಲಿ ಕಯಾಕ್ ನಡೆಸಿದವರ ಫೋಟೋ ದೊಡ್ಡದಾಗಿ ಬರುತ್ತದೆ, ಸೈಕಲ್ ತುಳಿದವರದು ಚಿಕ್ಕದಾಗಿ. ನನ್ನ ಅನುಭವದಲ್ಲಿ ದಡದವರ ಕೆಲಸವೇ ಹೆಚ್ಚು ಕಷ್ಟ.

ಸ್ಪರ್ಧೆಗಳೂ ಬಗೆಬಗೆಯವು ಇವೆ. ಹವಾಯಿಯಲ್ಲಿ ಮೊಲೊಕಾಯ್ ದ್ವೀಪದಿಂದ ಒವಾಹು ದ್ವೀಪಕ್ಕೆ ಸುಮಾರು 52 ಕಿಲೋಮೀಟರ್ ಕಡಲ ಕಾಲುವೆ ದಾಟುವ ಸ್ಪರ್ಧೆ ಇದೆ. ಇಂಗ್ಲೆಂಡಿನಲ್ಲಿ 1948ರಿಂದ ಡಿವೈಜಸ್ ಊರಿನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗೆ 125 ಮೈಲಿ. ಅದು ಕಾಲುವೆ ಮತ್ತು ನದಿಯ ಮೇಲೆ. ಅಮೆರಿಕದ ಫ್ಲಾರಿಡಾದಲ್ಲಿ ಸುಮಾರು 300 ಮೈಲಿಯ ಎವರ್‌ಗ್ಲೇಡ್ಸ್ ಚಾಲೆಂಜ್, ಎಂಟು ದಿನದೊಳಗೆ ಮುಗಿಸಬೇಕು. ಅಲ್ಲಿ ದೋಣಿಯಲ್ಲಿ ಇರಲೇಬೇಕಾದ ಸಾಮಾನುಗಳ ಪಟ್ಟಿಯೇ ಇದೆ, ಹೊರಡುವ ಮೊದಲು ತಪಾಸಣೆ ಮಾಡುತ್ತಾರೆ. ನಮ್ಮ ರಾಜ್ಯದಲ್ಲಿ ಮಂಗಳೂರಿನ ಹತ್ತಿರ ಸಸಿಹಿತ್ಲು, ಮುಲ್ಕಿಯ ಕಡೆ ಅಲೆಯ ಮೇಲಿನ ಆಟಗಳು ಬೆಳೆದಿವೆ. 2024ರ ಮಾರ್ಚ್‌ನಲ್ಲಿ ಅಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವವರ ಅಂತರರಾಷ್ಟ್ರೀಯ ಸ್ಪರ್ಧೆಯೂ ನಡೆಯಿತು.

ಈಗ ನಮ್ಮ ಕಥೆ. ನನ್ನ ಆಪಾ, ಅಂದರೆ ಅಕ್ಕನ ಮಗ ಆಗ ಎರಡನೇ ವರ್ಷದ ಬಿ.ಕಾಂ. ಕಾಲೇಜಿನ ತಂಡದ ಜೊತೆ ಹೊನ್ನೆಮರಡುವಿಗೆ ಹೋಗಿ, ಶರಾವತಿ ಹಿನ್ನೀರಿನಲ್ಲಿ ಮೂರು ದಿನ ಕಯಾಕ್ ನಡೆಸಿ ಬಂದ. ಬಂದವನ ಬಾಯಲ್ಲಿ ಬೇರೆ ಮಾತಿಲ್ಲ. ಒಂದು ದಿನ ವರ್ಕ್‌ಶಾಪಿಗೆ ಬಂದು, "ಮಾಮು, ಇಬ್ಬರು ಕೂರುವ ದೋಣಿಗೆ ಒಂದು ವಿಭಾಗ ಇದೆ, ನೀವು ಬಂದರೆ ಹೆಸರು ಕೊಡಬಹುದು" ಎಂದ. ನನಗೆ ಆಗ 44 ವರ್ಷ. ಈಜು ಬರುತ್ತಿತ್ತು, ಹೊಟ್ಟೆಯೂ ಬಂದಿತ್ತು. ಯಾಕೆ ಒಪ್ಪಿದೆನೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ತಂದೆಯಿಲ್ಲದ ಹುಡುಗ ಕೇಳಿದ, ಇಲ್ಲ ಎನ್ನಲಾಗಲಿಲ್ಲ. 2023ರ ಈದ್ ಮುಗಿದ ಮೇಲೆ, ಮೇ ತಿಂಗಳಲ್ಲಿ ತಯಾರಿ ಶುರು ಮಾಡಿದೆವು.

ಮೊದಲ ಸಮಸ್ಯೆ ನೀರು. ನಮ್ಮೂರಿನ ಹೆಸರಿನಲ್ಲೇ ಕುಂಟೆ ಇದೆ, ಕೋಣ ಹೊರಳಾಡುವಷ್ಟು ನೀರು. ಸುತ್ತಮುತ್ತ ಚುಂಚನಘಟ್ಟ, ದೊಡ್ಡಕಲ್ಲಸಂದ್ರ, ಪುಟ್ಟೇನಹಳ್ಳಿ, ಸಾರಕ್ಕಿ ಎಂದು ಕೆರೆಗಳಿಗೇನೂ ಕಡಿಮೆ ಇಲ್ಲ. ಆದರೆ ಇವೆಲ್ಲ ಬೇಲಿ ಹಾಕಿದ ಕೆರೆಗಳು, ನಡೆದಾಡಲು ಮತ್ತು ಹಕ್ಕಿ ನೋಡಲು ಇರುವಂಥವು. ಇಳಿಯಲು ಬಿಡುವುದಿಲ್ಲ, ಕೆಲವುಗಳ ನೀರು ನೋಡಿದರೆ ಇಳಿಯುವ ಮನಸ್ಸೂ ಬರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಕೂತು ಕಡಲಿಗೆ ತಯಾರಿ ಮಾಡುವುದೆಂದರೆ ಹಾಸಿಗೆಯ ಮೇಲೆ ಈಜು ಕಲಿತಂತೆ ಎಂದು ನನ್ನ ಬೀವಿ ನಕ್ಕಳು. ಅವಳ ಮಾತು ಪೂರ್ತಿ ತಪ್ಪಲ್ಲ. ಆದರೂ ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ ಆಯಿತು.

ಕಯಾಕ್ ನಡೆಸಲು ತೋಳಿನ ಬಲ ಬೇಕೆಂದು ಎಲ್ಲರೂ ತಿಳಿಯುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ತೋಳಿನಿಂದ ಎಳೆದರೆ ಒಂದು ಗಂಟೆಯಲ್ಲಿ ಕೈ ಸೋಲುತ್ತದೆ. ಬಲ ಬರಬೇಕಾದ್ದು ಸೊಂಟದ ತಿರುವಿನಿಂದ. ಬಲಗಡೆ ಹುಟ್ಟು ಹಾಕುವಾಗ ಬಲಗಾಲಿನಿಂದ ಪೆಡಲ್ ಕಡೆಗೆ ಒತ್ತಬೇಕು, ಬೆನ್ನು ತಿರುಗಬೇಕು, ತೋಳು ಬರಿ ಹಗ್ಗದ ಹಾಗೆ ಇರಬೇಕು. ಇದನ್ನು ಮನೆಯ ತಾರಸಿಯ ಮೇಲೆ ಕಲಿತೆವು. ನೆಲದ ಮೇಲೆ ಕೂತು, ಪಾದ ಗೋಡೆಗೆ ಒತ್ತಿ, ಕೈಯಲ್ಲಿ ಬಿದಿರು ಕೋಲು, ಕೋಲಿನ ಎರಡು ತುದಿಗೆ ಹಳೆಯ ಸೈಕಲ್ ಟ್ಯೂಬ್ ಕಟ್ಟಿ ಹಿಂದಿನಿಂದ ಅಳಿಯ ಹಿಡಿಯುತ್ತಿದ್ದ, ಆಮೇಲೆ ಅವನ ಸರದಿಗೆ ನಾನು. ದಿನಕ್ಕೆ ನಲವತ್ತು ನಿಮಿಷ. ಪಕ್ಕದ ಮನೆಯ ತಾರಸಿಯಿಂದ ನೋಡಿದವರು ನಮಗೆ ಏನಾಗಿದೆ ಎಂದು ಕೇಳಿಸಿದ್ದೂ ಉಂಟು. ಇದರ ಜೊತೆಗೆ ಮೆಟ್ಟಿಲು ಹತ್ತಿ ಇಳಿಯುವುದು, ಕಂಬಿಗೆ ಜೋತು ಮೇಲೇರುವುದು. ಮೊದಲ ತಿಂಗಳು ನನ್ನಿಂದ ಒಂದೂ ಆಗಲಿಲ್ಲ. ನವೆಂಬರ್ ಹೊತ್ತಿಗೆ ಏಳು ಆಗುತ್ತಿತ್ತು.

ವಾರಕ್ಕೆ ಎರಡು ದಿನ ಬೆಳಗ್ಗೆ ಈಜುಕೊಳ. ಈಜಿನ ಜೊತೆಗೆ ಮಗುಚುವ ಅಭ್ಯಾಸ. ಕಯಾಕ್ ಮಗುಚಿದರೆ ತಲೆ ಕೆಳಗಾಗಿ ನೀರಿನೊಳಗೆ ಇರುತ್ತೇವೆ, ಸೊಂಟದ ಸುತ್ತ ನೀರು ಒಳಬರದಂತೆ ತೊಟ್ಟ ಲಂಗದಂಥ ಬಟ್ಟೆ ದೋಣಿಗೆ ಸಿಕ್ಕಿಕೊಂಡಿರುತ್ತದೆ. ಅದರ ಮುಂದಿನ ಕುಣಿಕೆ ಹಿಡಿದು ಎಳೆದು, ಎರಡೂ ಕೈಯಿಂದ ದೋಣಿಯನ್ನು ದೂಡಿ ಹೊರಗೆ ಬರಬೇಕು. ಹೇಳಲು ಸುಲಭ. ಮೊದಲ ಸಲ ನೀರಿನಡಿ ಕುಣಿಕೆ ಹುಡುಕುವಾಗ ಐದು ಸೆಕೆಂಡ್ ಐದು ನಿಮಿಷವಾಗುತ್ತದೆ. ತರಬೇತಿ ಕೊಡುವವರು ಪಕ್ಕದಲ್ಲಿ ನಿಂತಿರದೆ ಇದನ್ನು ಯಾರೂ ಮಾಡಬಾರದು. ಹೊರಬಂದ ಮೇಲೆ ದೋಣಿಯನ್ನು ಮತ್ತೆ ನೆಟ್ಟಗೆ ಮಾಡಿ, ಹತ್ತಿ, ಒಳಗಿನ ನೀರು ಪಂಪಿನಿಂದ ಹೊರಹಾಕಬೇಕು. ನಾವು ನೂರಕ್ಕಿಂತ ಹೆಚ್ಚು ಸಲ ಮಗುಚಿದ್ದೇವೆ, ಲೆಕ್ಕ ಅಳಿಯನ ನೋಟ್‌ಬುಕ್ಕಿನಲ್ಲಿದೆ.

ಇಲ್ಲಿ ಒಂದು ಮಾತು, ವಿಷಯಾಂತರವಾದರೂ ಹೇಳುತ್ತೇನೆ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಈಜು ಬರುತ್ತದೆ, ಕೈ ಎತ್ತಿ. ನೋಡಿ, ಹತ್ತು ಕೈ ಇಲ್ಲ. ಹುಡುಗಿಯರ ಕಡೆ ಒಂದೇ. ರಜೆ ಬಂದರೆ ಎಲ್ಲರೂ ಹೊಳೆ, ಜಲಪಾತ, ಬೀಚ್ ಎಂದು ಹೋಗುತ್ತೀರಿ. ಈಜು ಬಾರದ ಹುಡುಗರು ಪ್ರವಾಸಕ್ಕೆ ಹೋಗಿ ನೀರುಪಾಲಾದ ಸುದ್ದಿ ಪತ್ರಿಕೆಯಲ್ಲಿ ಓದದ ವರ್ಷವೇ ಇಲ್ಲ. ಮಹಿಳೆಯರಿಗೇ ಪ್ರತ್ಯೇಕ ಸಮಯ ಇಟ್ಟಿರುವ ಈಜುಕೊಳಗಳು ಈ ದಕ್ಷಿಣ ಬೆಂಗಳೂರಿನಲ್ಲಿವೆ. ಸಂಘದ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಪುಸ್ತಕ, ಶುಲ್ಕದ ಜೊತೆ ಎರಡು ತಿಂಗಳ ಈಜಿನ ಶುಲ್ಕವನ್ನೂ ಸೇರಿಸಬೇಕೆಂದು ನಾನು ಕಾರ್ಯಕಾರಿ ಸಮಿತಿಗೆ ಪತ್ರ ಕೊಟ್ಟಿದ್ದೇನೆ. ಅಧ್ಯಕ್ಷರು ಇಲ್ಲೇ ಇದ್ದಾರೆ, ಹಾಗಾಗಿ ಜೋರಾಗಿ ಹೇಳುತ್ತಿದ್ದೇನೆ. ಕಡಲು ಮತ್ತು ಶಾಲೆ ಬೇರೆ ಬೇರೆ ಎಂದುಕೊಳ್ಳಬೇಡಿ. ಹದಿನಾಲ್ಕನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅದು ಕಡಲ ವ್ಯಾಪಾರದಿಂದ ಬದುಕುತ್ತಿದ್ದ ಊರು. ಅಲ್ಲಿ ಹುಡುಗಿಯರ ಶಾಲೆಗಳು 13, ಹುಡುಗರವು 23 ಇದ್ದವೆಂದು ಅವನು ದಾಖಲಿಸಿದ್ದಾನೆ.

ಸರಿ, ದೋಣಿಗೆ ಬರೋಣ. ತಿಂಗಳಿಗೆ ಎರಡು ಸಲ ಶುಕ್ರವಾರ ರಾತ್ರಿ ತಾಳಗುಪ್ಪದ ರೈಲು ಹತ್ತಿ ಹೊನ್ನೆಮರಡುವಿನ ಹಿನ್ನೀರಿಗೆ ಹೋಗುತ್ತಿದ್ದೆವು. ದೋಣಿ ಅಲ್ಲೇ ಬಾಡಿಗೆಗೆ, ಹುಟ್ಟು ಮಾತ್ರ ನಮ್ಮದು. ಎರಡು ತುಂಡಾಗಿ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಕೋಣನಕುಂಟೆ ಕ್ರಾಸ್ ಮೆಟ್ರೋ ನಿಲ್ದಾಣಕ್ಕೆ ಹೋದರೆ ಪ್ರತಿ ಸಲವೂ ತಪಾಸಣೆಯವರು ತಡೆಯುತ್ತಿದ್ದರು. ಕೊನೆಕೊನೆಗೆ ಅವರೇ, "ಏನ್ ಸಾರ್, ಈ ವಾರ ಎಷ್ಟು ಕಿಲೋಮೀಟರ್?" ಎಂದು ಕೇಳತೊಡಗಿದರು.

ದೂರವನ್ನು ಮೆಲ್ಲಗೆ ಹೆಚ್ಚಿಸಬೇಕು. ಮೊದಲು 8 ಕಿಲೋಮೀಟರ್, ಮುಂದಿನ ಸಲ 9, ಆಮೇಲೆ 10, ನಾಲ್ಕನೇ ಸಲ ಮತ್ತೆ ಕಡಿಮೆ. ಹುಮ್ಮಸ್ಸಿನಲ್ಲಿ ಒಮ್ಮೆಗೇ ಜಿಗಿದರೆ ಮಣಿಕಟ್ಟಿನ ನರ ಊದಿಕೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ನನಗೆ ಹಾಗಾಗಿ ಮೂರು ವಾರ ವರ್ಕ್‌ಶಾಪಿನಲ್ಲಿ ಸ್ಪ್ಯಾನರ್ ಹಿಡಿಯಲೂ ಆಗಲಿಲ್ಲ. ಹುಟ್ಟನ್ನು ಬಿಗಿಯಾಗಿ ಹಿಡಿಯುವುದೇ ಅದಕ್ಕೆ ಕಾರಣ. ಬೆರಳುಗಳು ಸಡಿಲವಾಗಿರಬೇಕು ಎಂದು ಎಷ್ಟು ಸಲ ಹೇಳಿದರೂ ಯಂತ್ರ ತಿರುಗಿಸಿ ಅಭ್ಯಾಸವಾದ ಕೈ ಕೇಳುವುದಿಲ್ಲ.

ಊಟದ ವಿಷಯ. ಬಿಸಿಲಲ್ಲಿ ಹುಟ್ಟು ಹಾಕುವವನ ಮೈಯಿಂದ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗಬಹುದು. ಬರೀ ನೀರು ಕುಡಿಯುತ್ತಾ ಹೋದರೆ ಸಾಲದು, ಉಪ್ಪೂ ಹೋಗಿರುತ್ತದೆ. ನಾವು ಮನೆಯಲ್ಲೇ ಮಾಡಿದ ಓ.ಆರ್.ಎಸ್. ಒಯ್ಯುತ್ತಿದ್ದೆವು: ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ತಲೆ ತಟ್ಟಿದ ಅಳತೆ. ತಿನ್ನಲು ಖರ್ಜೂರ, ಬಾಳೆಹಣ್ಣು, ಶೇಂಗಾ ಚಿಕ್ಕಿ. ಅಂಗಡಿಯ ದುಬಾರಿ ಪುಡಿಗಳನ್ನೂ ತಂದು ನೋಡಿದೆವು, ಖರ್ಜೂರವೇ ವಾಸಿ. ಸ್ಪರ್ಧೆಯ ಮುಂಚಿನ ನಾಲ್ಕು ವಾರ ರಮಝಾನ್ ಬೀಳುತ್ತಿತ್ತು. ಹೇಗಿದ್ದರೂ ಕೊನೆಯ ವಾರಗಳಲ್ಲಿ ಶ್ರಮ ಕಡಿಮೆ ಮಾಡಲೇಬೇಕು. ಉಪವಾಸದ ಹಗಲಿನಲ್ಲಿ ನೀರಿಗೆ ಇಳಿಯುವುದಿಲ್ಲ, ಇಫ್ತಾರ್ ನಂತರ ತಾರಸಿಯ ಅಭ್ಯಾಸ ಮಾತ್ರ ಎಂದು ವೈದ್ಯರನ್ನು ಕೇಳಿಯೇ ತೀರ್ಮಾನಿಸಿಕೊಂಡಿದ್ದೆವು. ಆ ಪ್ರಸಂಗ ಬರಲೇ ಇಲ್ಲ.

ಹಿನ್ನೀರು ಹಿನ್ನೀರೇ, ಕಡಲು ಕಡಲೇ. ಡಿಸೆಂಬರ್‌ನಿಂದ ಮಲ್ಪೆಗೆ ಹೋಗತೊಡಗಿದೆವು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಮಳೆಗಾಲದಲ್ಲಿ ಕಯಾಕಿನ ಮಾತೇ ಎತ್ತಬಾರದು. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಆಗಲೂ ದಿನದೊಳಗೆ ಎರಡು ಕಡಲುಗಳಿರುತ್ತವೆ. ರಾತ್ರಿ ನೆಲ ತಣ್ಣಗಾಗಿ ಗಾಳಿ ದಡದಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತದೆ, ಬೆಳಗ್ಗೆ ನೀರು ಎಣ್ಣೆಯ ಹಾಗೆ ನುಣ್ಣಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಬೀಸಿ ಕಡಲೆಲ್ಲ ಬಿಳಿ ನೊರೆ. ಅದಕ್ಕೇ ಮೀನುಗಾರರು ಕತ್ತಲಲ್ಲೇ ಹೊರಡುತ್ತಾರೆ. ಎರಡನೆಯದು ಅಳಿವೆ ಬಾಗಿಲು, ಹೊಳೆ ಕಡಲು ಸೇರುವ ಜಾಗ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಎದುರಿನಿಂದ ತೆರೆ ಬರುತ್ತದೆ, ಎರಡೂ ಗುದ್ದಿ ಮರಳ ದಿಬ್ಬದ ಮೇಲೆ ಅಲೆ ಎದ್ದು ನಿಲ್ಲುತ್ತದೆ. ಗಂಗೊಳ್ಳಿಯ ಅಳಿವೆ, ಹೊನ್ನಾವರದ ಶರಾವತಿ ಅಳಿವೆ, ಮಂಗಳೂರಿನ ನೇತ್ರಾವತಿ ಅಳಿವೆ, ಎಲ್ಲ ಕಡೆ ಇದೇ ಮಾತು. ಉಬ್ಬರ ಇಳಿತದ ಪಟ್ಟಿ ನೋಡದೆ ಒಳಗೆ ಹೋಗಬಾರದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿಯ ಮುನ್ಸೂಚನೆಯನ್ನು ಮೀನುಗಾರರಿಗೆಂದು ಕೊಡುತ್ತದೆ, ಅದು ನಮಗೂ ಉಪಯೋಗ. ಮೊಬೈಲ್ ನೀರು ಹೋಗದ ಚೀಲದಲ್ಲಿ, ಕೋಸ್ಟ್ ಗಾರ್ಡಿನ 1554 ಸಂಖ್ಯೆ ಬಾಯಿಪಾಠ, ಲೈಫ್ ಜಾಕೆಟ್, ಅದಕ್ಕೆ ಕಟ್ಟಿದ ಸೀಟಿ. ಮೂವರಿಗಿಂತ ಕಡಿಮೆ ಜನ ಹೊರಡುವುದಿಲ್ಲ.

2024ರ ಫೆಬ್ರವರಿಯಲ್ಲಿ ದೊಡ್ಡ ಪರೀಕ್ಷೆ ಇಟ್ಟುಕೊಂಡೆವು. ಮಲ್ಪೆಯಿಂದ ಉತ್ತರಕ್ಕೆ ಗಂಗೊಳ್ಳಿವರೆಗೆ, ಸುಮಾರು 35 ಕಿಲೋಮೀಟರ್. ಇಬ್ಬರ ದೋಣಿಯಲ್ಲಿ ಮುಂದೆ ಅಳಿಯ, ಹಿಂದೆ ನಾನು. ಇನ್ನೊಂದರಲ್ಲಿ ಗೆಳೆಯರೊಬ್ಬರು. ದಡದ ರಸ್ತೆಯಲ್ಲಿ ಇನ್ನೊಬ್ಬರು ಕಾರಿನಲ್ಲಿ. ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿದ್ದೆವು. ಹೊರಡುವ ಮೊದಲೇ ಒಂದು ನಿಯಮ ಬರೆದುಕೊಂಡಿದ್ದೆವು: ಬೆಳಗ್ಗೆ ಏಳರೊಳಗೆ ಹೊರಡುವುದು, ಮಧ್ಯಾಹ್ನ 12ಕ್ಕೆ ಉಳಿದ ದೂರ 10 ಕಿಲೋಮೀಟರಿಗಿಂತ ಹೆಚ್ಚಿದ್ದರೆ ದಡಕ್ಕೆ ತಿರುಗುವುದು. ಬರೆದದ್ದು ಅಳಿಯನ ಕೈಬರಹದಲ್ಲೇ.

ಬೆಳಗ್ಗೆ ದೋಣಿ ನೀರಿಗಿಳಿಸುವಾಗ ಚುಕ್ಕಾಣಿಯ ತಂತಿ ಕಳಚಿಕೊಂಡಿತು. ಊರವರ ಯಂತ್ರ ರಿಪೇರಿ ಮಾಡಿ ಹೊಟ್ಟೆ ಹೊರೆಯುವ ನಾನು ಹಿಂದಿನ ರಾತ್ರಿ ಅದೊಂದು ನಟ್ಟು ಬಿಗಿ ಇದೆಯೇ ಎಂದು ನೋಡಿರಲಿಲ್ಲ. ತಕ್ಕ ಸಾಮಾನು ಹುಡುಕಿ ಸರಿ ಮಾಡಿ ಹೊರಡುವಾಗ 8 ಗಂಟೆ 20 ನಿಮಿಷ. ಆಗಲೇ ಆ ದಿನದ ಕೆಲಸ ಬಿಡಬೇಕಿತ್ತು. ಮಾಡಲಿಲ್ಲ. ರಜೆ ಹಾಕಿ ಬಂದಿದ್ದೇವೆ, ಬಾಡಿಗೆ ಕೊಟ್ಟಿದ್ದೇವೆ, ನೀರು ನುಣ್ಣಗಿದೆ.

ಮೊದಲ ಎರಡು ಗಂಟೆ ಬಹಳ ಚೆನ್ನಾಗಿತ್ತು. ಬಲಗಡೆ ಕೋಡಿ ಬೆಂಗ್ರೆಯ ತೆಂಗಿನ ಸಾಲು, ಹಿಂದೆ ಚಿಕ್ಕದಾಗುತ್ತಾ ಹೋದ ಸೇಂಟ್ ಮೇರೀಸ್ ದ್ವೀಪ. ಹನ್ನೊಂದರ ಹೊತ್ತಿಗೆ ಮುಂದಿದ್ದವನ ಲಯ ತಪ್ಪಿತು. ಇಬ್ಬರ ದೋಣಿಯಲ್ಲಿ ಮುಂದಿನವನೇ ಲಯ ಕೊಡುವವನು, ಹಿಂದಿನವನು ಅವನ ಬೆನ್ನು ನೋಡಿ ಹುಟ್ಟು ಹಾಕುತ್ತಾನೆ. ಅವನು ಎಡಕ್ಕೆ ಬಾಗಿ ವಾಂತಿ ಮಾಡುತ್ತಿದ್ದ, ನನಗೆ ಕಾಣದಂತೆ ಮುಖ ತೊಳೆಯುವ ಹಾಗೆ ನಟಿಸುತ್ತಿದ್ದ. ಕುಡಿದ ನೀರು ನಿಲ್ಲುತ್ತಿರಲಿಲ್ಲ. ಹನ್ನೆರಡಕ್ಕೆ ಸ್ವಲ್ಪ ಮೊದಲು ಗಾಳಿ ತಿರುಗಿತು. ಕೈಗಡಿಯಾರದ ಜಿ.ಪಿ.ಎಸ್. ನೋಡಿದೆ: ಕೋಟ ಪಡುಕರೆಯ ಎದುರು ಇದ್ದೇವೆ, ಬಂದದ್ದು 20, ಉಳಿದದ್ದು 15. ಎದುರು ಗಾಳಿಯಲ್ಲಿ ದೋಣಿ ಗಂಟೆಗೆ 3 ಕಿಲೋಮೀಟರ್ ಹೋಗುತ್ತಿತ್ತು. ಅಂದರೆ ಇನ್ನೂ ಐದು ಗಂಟೆ, ಗಾಳಿ ಹೆಚ್ಚಾದರೆ ಆರು. ಗಂಗೊಳ್ಳಿ ಅಳಿವೆಗೆ ಮುಸ್ಸಂಜೆಯಲ್ಲಿ, ವಾಂತಿ ಮಾಡಿಕೊಂಡು ನಿತ್ರಾಣನಾದ ಹುಡುಗನ ಜೊತೆ.

"ದಡಕ್ಕೆ ತಿರುಗೋಣ" ಎಂದೆ.

"ಮಾಮು, ನಾವು ತಡವಾಗಿ ಹೊರಟಿದ್ದೇವೆ, ನಿಯಮದ ಗಂಟೆಯೂ ಮುಂದೆ ಹೋಗಬೇಕಲ್ಲ" ಎಂದ. ಲೆಕ್ಕ ಓದಿದ ಹುಡುಗ.

"ಗಾಳಿ ನಮಗಾಗಿ ತಡ ಮಾಡಿಲ್ಲವಲ್ಲ ಬೇಟಾ."

ಅವನು ಉತ್ತರ ಕೊಡಲಿಲ್ಲ, ಹುಟ್ಟು ಹಾಕುತ್ತಲೇ ಇದ್ದ, ನೇರ ಉತ್ತರಕ್ಕೆ. ಚುಕ್ಕಾಣಿ ನನ್ನ ಕಾಲ ಕೆಳಗಿತ್ತು. ಬಲಗಾಲು ಒತ್ತಿದೆ. ದೋಣಿಯ ಮೂತಿ ಮೆಲ್ಲಗೆ ದಡದ ಕಡೆ ತಿರುಗಿತು. ಅವನು ಇನ್ನೂ ಹುಟ್ಟು ಹಾಕುತ್ತಿದ್ದ, ಆ ಬಲವೆಲ್ಲ ನಮ್ಮನ್ನು ದಡಕ್ಕೇ ಒಯ್ಯುತ್ತಿತ್ತು. ಹಿಂದಿನಿಂದ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ದಡದ ಅಲೆ ನಾವು ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಒಂದು ಅಲೆ ಮುಂದೆ ಹೋಗಲು ಬಿಟ್ಟು ಅದರ ಬೆನ್ನ ಮೇಲೆ ಹೋಗಬೇಕು. ನಾವಿಬ್ಬರೂ ಬೇರೆ ಬೇರೆ ಲಯದಲ್ಲಿದ್ದೆವು, ದೋಣಿ ಅಡ್ಡ ತಿರುಗಿ ಮಗುಚಿತು. ನೂರು ಸಲದ ಅಭ್ಯಾಸ ಉಪಯೋಗಕ್ಕೆ ಬಂತು, ಇಬ್ಬರೂ ಹೊರಬಂದೆವು. ಮಗುಚಿದ ಮೇಲೆ ಈಜುವವನು ಕಡಲ ಕಡೆಗಿರಬೇಕು, ದೋಣಿ ದಡದ ಕಡೆಗೆ. ನೀರು ತುಂಬಿದ ದೋಣಿ ಮುಂದಿನ ಅಲೆಯಲ್ಲಿ ಲಾರಿಯ ಹಾಗೆ ಬರುತ್ತದೆ. ಅಳಿಯ ದಡದ ಕಡೆ ಎದ್ದು ನಿಂತ. ದೋಣಿ ಬಂದು ಅವನ ಭುಜಕ್ಕೆ ಗುದ್ದಿತು.

ಬಲೆ ಸರಿಮಾಡುತ್ತಾ ಕೂತಿದ್ದ ಐದಾರು ಮೀನುಗಾರರು ಓಡಿ ಬಂದರು. ಅವರೇ ದೋಣಿ ಎಳೆದರು, ಅವನನ್ನು ನೆರಳಿಗೆ ಒಯ್ದರು. "ಈ ಗಾಳಿಗ್ ಎಲ್ಲಿಗ್ ಹೊರಟದ್ ಮಾರಾಯ್ರೆ?" ಎಂದು ಹಿರಿಯರೊಬ್ಬರು ಕೇಳಿದರು. ಗಂಗೊಳ್ಳಿಗೆ ಎಂದೆ. ಅವರು ನಮ್ಮ ಹುಟ್ಟನ್ನು ಎತ್ತಿ ನೋಡಿ, ತೂಗಿ, ಏನೂ ಹೇಳದೆ ವಾಪಸ್ ಕೊಟ್ಟರು. ಮನೆಯಿಂದ ಗಂಜಿ, ಉಪ್ಪಿನಕಾಯಿ ತರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಭುಜ ಮುರಿದಿರಲಿಲ್ಲ, ಜಾರಿತ್ತು. ವೈದ್ಯರು ಆರು ವಾರ ವಿಶ್ರಾಂತಿ ಎಂದರು. ಸ್ಪರ್ಧೆಗೆ ಎಂಟು ವಾರ ಇತ್ತು. ಎರಡು ವಾರ ಸಾಕು ಎಂದು ಅವನ ವಾದ. ನಾನು ಇಬ್ಬರ ಹೆಸರನ್ನೂ ಹಿಂದಕ್ಕೆ ಪಡೆದೆ, ಕಟ್ಟಿದ ಶುಲ್ಕದಲ್ಲಿ ಅರ್ಧ ಹೋಯಿತು. ಅದರಲ್ಲಿ ಅವನು ಟ್ಯೂಷನ್ ಹೇಳಿ ಕೂಡಿಟ್ಟ ಹಣವೂ ಇತ್ತು. "ನೀವು ತಿರುಗಿಸಿದ್ದರಿಂದಲೇ ಭುಜ ಹೋಯಿತು, ಮುಂದೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ" ಎಂದ. ಅವನ ಮಾತನ್ನು ಸುಳ್ಳೆಂದು ಸಾಧಿಸಲು ನನ್ನಿಂದಾಗದು, ನಾವು ಮುಂದೆ ಹೋಗಲಿಲ್ಲವಲ್ಲ. ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಈದ್ ದಿನ ಸಲಾಂ ಹೇಳಿದ, ಅಷ್ಟೇ.

ನನ್ನ ನಿಜವಾದ ತಪ್ಪು ಬೇರೆ ಇತ್ತು. ಆಪಾಗೆ ನಾನು "ಹಿನ್ನೀರಲ್ಲಿ ಸ್ವಲ್ಪ ದೋಣಿ" ಎಂದಷ್ಟೇ ಹೇಳಿದ್ದೆ. ಕಡಲು, 35 ಕಿಲೋಮೀಟರ್ ಎಂದರೆ ಬಿಡುವುದಿಲ್ಲವೆಂದು ಗೊತ್ತಿತ್ತು. ಜೋಳಿಗೆಯಲ್ಲಿ ಕೈ ಇಟ್ಟುಕೊಂಡ ಮಗನನ್ನು ಮನೆಗೆ ಕರೆತಂದಾಗ ಅವಳು ಬೈಯಲಿಲ್ಲ. "ಎಷ್ಟು ದೂರ ಅಂತ ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು. ಪೊಲೀಸರಿಗೆ ಹೇಳಿದ್ದೆವು, ಕಾರಿನವರಿಗೆ ಹೇಳಿದ್ದೆವು, ಅವಳಿಗೆ ಹೇಳಿರಲಿಲ್ಲ. ಹತ್ತು ತಿಂಗಳ ಸಿದ್ಧತೆಯ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕೂ ಒಂದೊಂದು ಪುಟ ಇತ್ತು, ಇದಕ್ಕೆ ಇರಲಿಲ್ಲ.

ಮಾತು ಮತ್ತೆ ಶುರುವಾದದ್ದು ಈಜುಕೊಳದಲ್ಲಿ. ಭುಜಕ್ಕೆ ವ್ಯಾಯಾಮವೆಂದು ಅವನು ಬರುತ್ತಿದ್ದ. ಆಮೇಲೆ ಪಕ್ಕದ ಓಣಿಯ ನಾಲ್ಕು ಹುಡುಗರಿಗೆ ಈಜು ಕಲಿಸಲು ತೊಡಗಿದ. ಅವರಲ್ಲಿ ಇಬ್ಬರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಒಂದು ಸಂಜೆ ನೋಟ್‌ಬುಕ್ ತಂದು ನನ್ನ ಮುಂದಿಟ್ಟ. ಹೊಸ ಪುಟದಲ್ಲಿ ಮಲ್ಪೆಯಿಂದ ಗಂಗೊಳ್ಳಿ ಎಂದು ಬರೆದು, ಬಾಣದ ಗುರುತನ್ನು ತಿರುಗಿಸಿದ್ದ. ಗಂಗೊಳ್ಳಿಯಿಂದ ಹೊರಟರೆ ವಾಯವ್ಯದ ಗಾಳಿ ಬೆನ್ನ ಹಿಂದೆ ಬರುತ್ತದೆ ಎಂಬುದು ಅಷ್ಟು ದಿನ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಈ ಡಿಸೆಂಬರ್‌ನಲ್ಲಿ ಅವನು ಒಬ್ಬರ ದೋಣಿಯಲ್ಲಿ ಹೋಗುತ್ತಾನೆ, ಜೊತೆಗೆ ಇಬ್ಬರು ಗೆಳೆಯರು ಬೇರೆ ಬೇರೆ ದೋಣಿಗಳಲ್ಲಿ. ಚುಕ್ಕಾಣಿ ಅವನ ಕಾಲ ಕೆಳಗೇ ಇರುತ್ತದೆ, ಹಿಂದಿನ ರಾತ್ರಿ ತಂತಿ ನೋಡುವ ಕೆಲಸವನ್ನೂ ಅವನೇ ಬರೆದುಕೊಂಡಿದ್ದಾನೆ. ನಾನು ಸ್ಕೂಟರಿನಲ್ಲಿ ದಡದ ರಸ್ತೆ ಹಿಡಿದು ಬರುವವನು. ಆಪಾ ಈ ಸಲ ನಮ್ಮ ಜೊತೆ ಮಲ್ಪೆಗೆ ಬರುತ್ತಾಳಂತೆ.